ಮಿಕ್ಕ ಕಾರಿನ ಆಯಿಲ್ ಬುಲೆಟ್ಟಿಗೆ ಬೇಡ, ಅಭಿ

ಅಭಿ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬೇಡ. ಡಬ್ಬಿಯ ಮುಚ್ಚಳ ತೆಗೆದಿದ್ದರೆ ಈಗಲೇ ಮುಚ್ಚು. ಕಾರಣ ಉದ್ದವಿದೆ. ಟೈಪ್ ಮಾಡುತ್ತಾ ಕುಳಿತರೆ ಅಂಗಡಿ ಬಾಗಿಲು ಹಾಕುವ ಹೊತ್ತಾಗುತ್ತದೆ, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ. ನಡುವೆ ಗಿರಾಕಿಗಳ ದನಿ ಕೇಳಿಸಿದರೆ ಯಾರೂ ಬೇಸರ ಮಾಡಿಕೊಳ್ಳಬೇಡಿ.

ನಿನ್ನೆ ಗ್ರೂಪ್ ನೋಡದವರಿಗೆ ಎರಡು ಮಾತು. ಅಭಿ ಅವರಪ್ಪನ ಕಾರಿನ ಆಯಿಲನ್ನು ತಾನೇ ಬದಲಿಸಿದ್ದಾನೆ. ಪುಸ್ತಕ ನೋಡಿ 0ಡಬ್ಲ್ಯು-20 ಫುಲ್ ಸಿಂಥೆಟಿಕ್ ತಂದಿದ್ದಾನೆ, ಅಷ್ಟು ಸರಿ. ಡಬ್ಬಿಯಲ್ಲಿ ಸ್ವಲ್ಪ ಮಿಕ್ಕಿದೆ, ಒಳ್ಳೆಯ ದುಬಾರಿ ಮಾಲು, ತನ್ನ 350 ಬುಲೆಟ್ಟಿಗೆ ಸುರಿಯಲೇ ಎಂದು ಕೇಳಿದ್ದಾನೆ. ಅದಕ್ಕೆ ರಘು ಭಾವ, ‘ಅಷ್ಟು ತೆಳ್ಳಗಿನ ನೀರನ್ನು ಕಾರಿಗೂ ಹಾಕಬಾರದಿತ್ತು, ನಮ್ಮ ಬಿಸಿಲಿಗೆ ಎಲ್ಲದಕ್ಕೂ 20ಡಬ್ಲ್ಯು-50 ಹಾಕಬೇಕು’ ಎಂದಿದ್ದಾರೆ. ಸುಧಾ ಅಕ್ಕ ಎಲ್ಲಿಂದಲೋ ಬಂದ ಸಂದೇಶವೊಂದನ್ನು ಹಾಕಿದ್ದಾರೆ, ಆಯಿಲ್ ಕಪ್ಪಾದ ದಿನವೇ ಬದಲಿಸಬೇಕಂತೆ. ಇಪ್ಪತ್ತೆರಡು ವರ್ಷದಿಂದ ಶಿವಮೊಗ್ಗದಲ್ಲಿ ಬಿಡಿಭಾಗದ ಅಂಗಡಿಯ ಗಲ್ಲಾದಲ್ಲಿ ಕುಳಿತಿರುವ ನನ್ನನ್ನು ಯಾರೂ ಕೇಳಲಿಲ್ಲ. ಇರಲಿ.

ಮೊದಲು ಬುಲೆಟ್ ವಿಷಯ. ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್ನಿಗಷ್ಟೇ. ಗೇರ್ ಬಾಕ್ಸಿಗೆ ಬೇರೆ ಆಯಿಲ್ ಇರುತ್ತದೆ, ಅಪ್ಪನ ಕಾರಿನಂಥ ಸಾದಾ ಗೇರಿನ ಗಾಡಿಯಲ್ಲಿ ಕ್ಲಚ್ ಒಣಗಿಯೇ ಇರುತ್ತದೆ. ನಿನ್ನ ಬೈಕಿನಲ್ಲಿ ಹಾಗಲ್ಲ. ಒಂದೇ ಆಯಿಲ್ ಎಂಜಿನ್ನಿಗೂ ಹೋಗಬೇಕು, ಗೇರಿನ ಹಲ್ಲುಗಳ ನಡುವೆಯೂ ಅರೆಸಿಕೊಳ್ಳಬೇಕು, ಕ್ಲಚ್ ಪ್ಲೇಟುಗಳೂ ಅದರಲ್ಲೇ ಮುಳುಗಿರಬೇಕು. ಒಬ್ಬನೇ ಆಳು, ಮೂರು ಮನೆಯ ಚಾಕರಿ. ಕಾರಿನ ತೆಳು ಆಯಿಲ್‌ಗಳಿಗೆ ಮೈಲೇಜ್ ಬರಲೆಂದು ಜಾರಿಕೆ ಹೆಚ್ಚಿಸುವ ಪದಾರ್ಥ ಬೆರೆಸಿರುತ್ತಾರೆ. ಎಂಜಿನ್ನಿಗೆ ಅದು ವರ. ಆದರೆ ಕ್ಲಚ್ ಕೆಲಸ ಮಾಡುವುದೇ ಪ್ಲೇಟಿಗೆ ಪ್ಲೇಟು ಕಚ್ಚಿಕೊಳ್ಳುವುದರಿಂದ. ಕಚ್ಚಬೇಕಾದ ಕಡೆ ಜಾರಿದರೆ?

ಜಾರಿದರೆ ಏನಾಗುತ್ತದೆ ಎಂಬುದು ಹೋದ ಮಳೆಗಾಲದಲ್ಲಿ ನನ್ನ ಗಲ್ಲಾದ ಮೇಲೇ ಬಂದು ಬಿದ್ದಿತು. ಕಾಲೇಜು ಹುಡುಗನೊಬ್ಬ ನಿನ್ನ ಹಾಗೆಯೇ ಕಾರಿನ ಆಯಿಲ್ ಹಾಕಿಕೊಂಡು ಆಗುಂಬೆ ಘಾಟಿ ಹತ್ತಿದ್ದಾನೆ. ಹದಿನಾಲ್ಕು ತಿರುವಿನಲ್ಲಿ ನಾಲ್ಕೈದು ದಾಟುವಷ್ಟರಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಹಿಂದೆ ಕುಳಿತವನನ್ನು ಇಳಿಸಿ ನಡೆಸಿಕೊಂಡು ಹತ್ತಿದನಂತೆ. ಮಾರನೆಯ ದಿನ ಬಿಚ್ಚಿದ ಪ್ಲೇಟುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬಂದ. ಬಿರುಸಾಗಿರಬೇಕಾದ ಮುಖ ಮಣೆಯ ಹಾಗೆ ನುಣುಪಾಗಿ ಹೊಳೆಯುತ್ತಿತ್ತು, ಕಬ್ಬಿಣದ ಪ್ಲೇಟುಗಳು ಸುಟ್ಟು ನೀಲಿ ತಿರುಗಿದ್ದವು. ಪೂರ್ತಿ ಸೆಟ್ ಬದಲಿಸಬೇಕಾಯಿತು. ಅವನು ಉಳಿಸಲು ಹೊರಟಿದ್ದು ಒಂದು ಲೀಟರು ಚಿಲ್ಲರೆ ಆಯಿಲಿನ ದುಡ್ಡು.

ಅದಕ್ಕೇ ಬೈಕಿನ ಡಬ್ಬಿಯ ಹಿಂಬದಿಯಲ್ಲಿ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿದೆಯೇ ನೋಡು. ಜಪಾನಿನವರು 1998ರಲ್ಲಿ ಬೈಕುಗಳಿಗೆಂದೇ ಮಾಡಿದ ಗುರುತು ಅದು. ಎಂಎ ಎಂದರೆ ಒದ್ದೆ ಕ್ಲಚ್ಚಿಗೆ ಸರಿ. ‘ಎಂಬಿ’ ಎಂದಿದ್ದರೆ ಜಾರಿಕೆ ಹೆಚ್ಚು, ಅದು ನಿಮ್ಮ ಅಮ್ಮನ ಸ್ಕೂಟರಿಗೆ. ಅಲ್ಲಿ ಕ್ಲಚ್ ಬೆಲ್ಟಿನ ಜೊತೆ ಹೊರಗೆ ಒಣಗಿಯೇ ಇರುತ್ತದೆ. ನಿನ್ನ ಗಾಡಿಯ ಪುಸ್ತಕದಲ್ಲಿ 15ಡಬ್ಲ್ಯು-50, ಎಂಎ2 ಎಂದಿದೆ. ಅಲ್ಲಿಗೆ ಮುಗಿಯಿತು.

ಇನ್ನು ಭಾವ, ನಿಮ್ಮ 50ರ ಮಾತು. ನೀವು ಸಿಟ್ಟು ಮಾಡಿಕೊಳ್ಳುವುದಿಲ್ಲವೆಂದು ನಂಬಿ ಹೇಳುತ್ತೇನೆ. ಡಬ್ಲ್ಯು ಎಂದರೆ ಚಳಿಗಾಲ ನಿಜ, ಆದರೆ ಅದು ಹಿಮ ಬೀಳುವ ಊರಿಗೆ ಮಾತ್ರ ಎಂದಲ್ಲ. ಮೊದಲ ಅಂಕಿ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು 100 ಡಿಗ್ರಿಯಲ್ಲಿ ಎಷ್ಟು ಗಟ್ಟಿ ಇರುತ್ತದೆ ಎಂಬುದಕ್ಕೆ. ಕಾದಂತೆ ಆಯಿಲ್ ಸೊನ್ನೆಯಿಂದ ಇಪ್ಪತ್ತಕ್ಕೆ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಅದು ತಲೆಕೆಳಗಾದ ಲೆಕ್ಕ. ಜೋನಿಬೆಲ್ಲ ನೆನೆಸಿಕೊಳ್ಳಿ. ಡಿಸೆಂಬರಿನ ಬೆಳಿಗ್ಗೆ ಚಮಚದಿಂದ ಬೀಳುವುದೇ ಇಲ್ಲ, ಬಿಸಿ ದೋಸೆಯ ಮೇಲೆ ಬಿದ್ದೊಡನೆ ಓಡುತ್ತದೆ. ಯಾವ ಆಯಿಲ್ ಆದರೂ ಹಾಗೆಯೇ, ತಣ್ಣಗಿದ್ದಾಗ ದಪ್ಪ, ಕಾದಾಗ ತೆಳು. 0ಡಬ್ಲ್ಯು ಎನ್ನುವುದು ತಣ್ಣಗಿದ್ದಾಗ ಉಳಿದವುಗಳಿಗಿಂತ ಕಡಿಮೆ ದಪ್ಪ, ಅಷ್ಟೇ.

ಎಂಜಿನ್ನಿಗೆ ಶಿವಮೊಗ್ಗದ ಚಳಿಯೂ ಒಂದೇ, ರಾಯಚೂರಿನ ಬಿಸಿಲೂ ಒಂದೇ. ನೀರು ತಂಪು ಮಾಡುವ ಕಾರಿನ ಎಂಜಿನ್ ಕಾದ ಮೇಲೆ ಅದನ್ನು ಹೆಚ್ಚುಕಡಿಮೆ ಅದೇ ಹದದಲ್ಲಿ ಹಿಡಿದಿಡಲು ಥರ್ಮೋಸ್ಟಾಟ್ ಇದೆ, ಫ್ಯಾನ್ ಇದೆ. ಹೊರಗೆ 25 ಇರಲಿ 42 ಇರಲಿ, ಒಳಗಿನ ಆಯಿಲ್ ನೂರರ ಆಸುಪಾಸಿನಲ್ಲೇ ಇರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸುವಾಗಲೋ, 42ರ ಬಿಸಿಲೂ ಆ ನೂರರ ಮುಂದೆ ತಣ್ಣಗೇ. ಸವೆತ ಹೆಚ್ಚಾಗುವುದು ಆ ಮೊದಲ ಗಳಿಗೆಯಲ್ಲಿ, ವಾಲ್ವುಗಳನ್ನು ಒತ್ತಿ ತೆರೆಯುವ ಮೇಲಿನ ಕ್ಯಾಮ್ ತನಕ ಆಯಿಲ್ ಹತ್ತುವವರೆಗೆ. ಈಗಿನ ಎಂಜಿನ್‌ಗಳಲ್ಲಿ ಬೇರಿಂಗಿನ ಸಂದು ಸಣ್ಣದು, ಆಯಿಲಿನ ಒತ್ತಡದಿಂದಲೇ ವಾಲ್ವುಗಳ ಹೊತ್ತನ್ನು ಹಿಂದೆಮುಂದೆ ಮಾಡುವ ಯಂತ್ರವೂ ಅದರಲ್ಲಿದೆ. ಅಲ್ಲಿಗೆ 50 ಸುರಿದರೆ ಸೂಜಿಯ ಕಣ್ಣಿಗೆ ಹಗ್ಗ ಪೋಣಿಸಿದ ಹಾಗೆ. ಮೈಲೇಜಂತೂ ಬೀಳುವುದು ಖಂಡಿತ.

ಆದರೆ ಭಾವನ ಮಾತು ಪೂರ್ತಿ ತಪ್ಪಲ್ಲ, ಅದನ್ನೂ ಹೇಳಬೇಕು. ಅವರು ಓಡಿಸಿದ ಹಳೆಯ ಜೀಪಿಗೆ ಗಟ್ಟಿ ಆಯಿಲೇ ಸರಿಯಾಗಿತ್ತು, ಸಂದುಗಳೇ ಅಷ್ಟು ದೊಡ್ಡವು. ಅಭಿಯ ಬುಲೆಟ್ ಗಾಳಿಯಿಂದ ತಣಿಯುವ ಎಂಜಿನ್. ಟ್ರಾಫಿಕ್ಕಿನಲ್ಲಿ ನಿಂತರೆ ಆಯಿಲ್ ನಿಜವಾಗಿಯೂ ಕುದಿ ಹತ್ತುತ್ತದೆ, ಮೇಲಾಗಿ ಗೇರಿನ ಹಲ್ಲುಗಳು ಆಯಿಲಿನ ಉದ್ದನೆಯ ಅಣುಗಳನ್ನು ಕತ್ತರಿಸಿ ತೆಳ್ಳಗೆ ಮಾಡುತ್ತಾ ಹೋಗುತ್ತವೆ. ಅಲ್ಲಿ 50 ಬೇಕು. ಬಿಸಿಲಿನ ಕಾರಣಕ್ಕಲ್ಲ, ಎಂಜಿನ್ನಿನ ಕಾರಣಕ್ಕೆ.

ಆಯಿಲ್ ಕಂಪನಿಯೊಂದರ ತರಬೇತಿಯಲ್ಲಿ ಕೇಳಿದ ಒಂದು ಕಥೆ ನನಗೆ ಬಹಳ ಇಷ್ಟ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರ್ ರೈಲುಗಾಡಿಯ ಬೇರಿಂಗನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಹಾಕಲೆಂದು ಮೇಲುಭಾಗದಲ್ಲಿ ತೂತು ಕೊರೆದರೆ ಅಲ್ಲಿಂದ ಎಣ್ಣೆ ಹೊರಗೇ ಉಕ್ಕಿತು. ಬಿರಡೆ ಜಡಿದ, ಅದನ್ನೂ ತಳ್ಳಿಕೊಂಡು ಬಂದಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿನೊಳಗೆ ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತಿತ್ತು. ಮೂರು ವರ್ಷದ ನಂತರ ಆಸ್ಬೋರ್ನ್ ರೆನಾಲ್ಡ್ಸ್ ಅದರ ಗಣಿತ ಬಿಡಿಸಿದ. ಇಂದಿಗೂ ಎಂಜಿನ್ನಿನ ಮುಖ್ಯ ಅಚ್ಚಾದ ಕ್ರ್ಯಾಂಕ್ ತಿರುಗುವುದು ಹಾಗೆಯೇ, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಪದರದ ಮೇಲೆ. ಪಂಪಿನ ಕೆಲಸ ಆ ಜಾಗಕ್ಕೆ ಎಣ್ಣೆ ತಲುಪಿಸುವುದು, ಎತ್ತಿ ಹಿಡಿಯುವುದು ತಿರುಗುವಿಕೆಯೇ.

ರೇಸಿನವರ ತಲೆನೋವು ಆ ತಲುಪಿಸುವುದರಲ್ಲೇ. ನಮ್ಮ ಕಾರುಗಳಲ್ಲಿ ಆಯಿಲ್ ಎಂಜಿನ್ನಿನ ತಳದ ಪಾತ್ರೆಯಾದ ಸಂಪಿನಲ್ಲಿ ನಿಂತಿರುತ್ತದೆ, ಪಂಪು ಅಲ್ಲಿಂದ ಹೀರುತ್ತದೆ. ವೇಗದಲ್ಲಿ ತಿರುವು ತೆಗೆದರೆ ತಟ್ಟೆಯ ಸಾರಿನಂತೆ ಆಯಿಲ್ ಒಂದು ಬದಿಗೆ ಏರುತ್ತದೆ, ಪಂಪಿಗೆ ಗಾಳಿ ಸಿಗುತ್ತದೆ. ಅಷ್ಟು ತಿರುಗುವ ಎಂಜಿನ್ನಿಗೆ ಕೆಲವು ಕ್ಷಣ ಸಾಕು, ಬೇರಿಂಗ್ ಹೋಯಿತು. ಅದಕ್ಕೇ ಫಾರ್ಮುಲಾ ಒನ್ ಕಾರುಗಳಲ್ಲಿ, ಪೋರ್ಷೆ 911 ಜಿಟಿ3ರಂಥವುಗಳಲ್ಲಿ ಡ್ರೈ ಸಂಪ್ ಇರುತ್ತದೆ. ಆಯಿಲಿಗೆ ಬೇರೆಯೇ ಟ್ಯಾಂಕು, ಕೆಳಗೆ ಬಿದ್ದದ್ದನ್ನು ತಕ್ಷಣ ಎಳೆದು ಅಲ್ಲಿಗೆ ಕಳಿಸಲು ಬೇರೆ ಪಂಪು. ಇದೇನು ವಿಮಾನದ ವಿದ್ಯೆ ಎನ್ನಬೇಡಿ. ನಮ್ಮ ಅಪ್ಪನ ಹಳೆಯ ಕಬ್ಬಿಣದ ಬುಲೆಟ್ಟಿನಲ್ಲೂ ಸುಮಾರಾಗಿ ಇದೇ ಏರ್ಪಾಡಿತ್ತು, ಕಳಿಸಲು ಒಂದು ಪಂಪು, ವಾಪಸ್ ಎಳೆಯಲು ಇನ್ನೊಂದು. ಒಂದು ತಿಂಗಳು ನಿಲ್ಲಿಸಿದರೆ ಆಯಿಲ್ ಮೆಲ್ಲಗೆ ಕೆಳಗೆ ಇಳಿದು ನಿಲ್ಲುತ್ತಿತ್ತು. ಕಿಕ್ ಹೊಡೆದೊಡನೆ ಬೀದಿಯೆಲ್ಲ ಹೊಗೆ, ಅಪ್ಪನ ಮುಖದಲ್ಲಿ ಮಾತ್ರ ಹೆಮ್ಮೆ.

ಹರಳೆಣ್ಣೆಯ ಮಾತೂ ಬರಲಿ. ಅಜ್ಜನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದದ್ದು ಹಿರಿಯರಿಗೆ ನೆನಪಿರಬೇಕು. ಅದೇ ಹರಳೆಣ್ಣೆಯನ್ನು ಬೆರೆಸಿ ಮಾಡಿದ ಎಂಜಿನ್ ಆಯಿಲಿಗೆ 1909ರಲ್ಲಿ ಇಟ್ಟ ಹೆಸರೇ ಕ್ಯಾಸ್ಟ್ರಾಲ್, ಕ್ಯಾಸ್ಟರ್ ಆಯಿಲಿನಿಂದ ಬಂದದ್ದು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆಯೇ. ಅದು ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಹೊಗೆಯ ಜೊತೆ ಮುಖಕ್ಕೆ ಎರಚುತ್ತಿದ್ದ ಆ ಎಣ್ಣೆಯಿಂದ ಪೈಲಟ್‌ಗಳ ಹೊಟ್ಟೆಯ ಪಾಡು ಏನಾಗುತ್ತಿತ್ತು ಎಂಬುದನ್ನು ಅಜ್ಜಿಯ ಕೈಯಲ್ಲಿ ಹರಳೆಣ್ಣೆ ಕುಡಿದವರಿಗೆ ವಿವರಿಸಬೇಕಿಲ್ಲ.

ಒಂದು ನಿಮಿಷ… ಹೌದು ಸಾರ್, ಎರಡು ಫಿಲ್ಟರ್, ಆ ಕಡೆಯ ಶೆಲ್ಫು… ಹಾಂ, ಬಂದೆ.

ಸುಧಾ ಅಕ್ಕ, ಕಪ್ಪು ಬಣ್ಣಕ್ಕೆ ಹೆದರಬೇಡಿ. ಮಸಿ ಒಂದು ಕಡೆ ಗಡ್ಡೆ ಕಟ್ಟದಂತೆ ಬಿಡಿಬಿಡಿಯಾಗಿ ತನ್ನಲ್ಲಿ ತೇಲಿಸಿಕೊಳ್ಳುವುದು ಆಯಿಲಿನ ಕೆಲಸ. ಪಾತ್ರೆ ತೊಳೆದ ನೀರು ಕೊಳೆಯಾದರೆ ಪಾತ್ರೆ ಸ್ವಚ್ಛವಾಯಿತು ಎಂದಲ್ಲವೇ? ಡೀಸೆಲ್ ಗಾಡಿಯಲ್ಲಿ ಬದಲಿಸಿದ ವಾರದೊಳಗೇ ಕಪ್ಪಾಗುತ್ತದೆ. ಹೆದರಬೇಕಾದದ್ದು ಬೇರೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಆಯಿಲಿನ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆಯಿರಿ, ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ನೋಡಿ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ, ಗಾಡಿ ತೆಗೆಯಬೇಡಿ. ಮಟ್ಟ ಕೆಳಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಉರಿಯುತ್ತಿದೆ.

ಮಟ್ಟ ಏರಿದ್ದರೆ? ಇದು ನಿಮ್ಮ ಮನೆಯ ಡೀಸೆಲ್ ಕಾರಿಗೇ ಹೇಳುತ್ತಿರುವುದು, ಅಕ್ಕ. 2020ರ ಏಪ್ರಿಲ್ ನಂತರದ, ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಡಿಸಿ ಮಸಿಯನ್ನು ಸುಡುತ್ತದೆ. ಮನೆಯಿಂದ ತರಕಾರಿ ಮಾರುಕಟ್ಟೆ, ಮಾರುಕಟ್ಟೆಯಿಂದ ಮನೆ ಎಂದು ಓಡಿಸಿದರೆ ಆ ಸುಡುವ ಕೆಲಸ ಅರ್ಧಕ್ಕೇ ನಿಂತು, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಹೋದ ಸಲ ಭಾನುವಾರ ನಿಮ್ಮ ಮನೆಗೆ ಬಂದಾಗ ನಾನೇ ಡಿಪ್‌ಸ್ಟಿಕ್ ಎಳೆದು ನೋಡಿದ್ದೆ. ಮೇಲಿನ ಗೆರೆಗಿಂತ ಎರಡು ಬೆರಳು ಜಾಸ್ತಿ, ಮೂಗಿನ ಹತ್ತಿರ ಹಿಡಿದರೆ ಬಂಕಿನ ವಾಸನೆ. ಭಾವ ‘ಆಯಿಲ್ ಕಡಿಮೆಯಾಗಿಲ್ಲ, ಒಳ್ಳೆಯ ಎಂಜಿನ್’ ಎಂದು ಸಂತೋಷಪಟ್ಟರು! ಅದು ಸಂತೋಷಪಡುವ ವಿಷಯವಲ್ಲ. ತಿಂಗಳಿಗೆ ಎರಡು ಸಲವಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಸಮವೇಗದಲ್ಲಿ ಓಡಿಸಿ. ಈಗಿರುವ ಆಯಿಲನ್ನು ಈ ವಾರವೇ ಬದಲಿಸಿ, ಬೂದಿ ಕಡಿಮೆ ಬಿಡುವ ಸಿ ದರ್ಜೆಯದನ್ನೇ ಕೇಳಿ. ಬೇರೆಯದು ಹಾಕಿದರೆ ಅದರ ಬೂದಿ ಆ ಫಿಲ್ಟರಿನಲ್ಲಿ ಕುಳಿತುಕೊಳ್ಳುತ್ತದೆ, ಮಸಿಯ ಹಾಗೆ ಸುಟ್ಟು ಹೋಗುವುದಿಲ್ಲ.

ಅಭಿ, ನಿನಗೆ ಇನ್ನೆರಡು. ತೆಗೆದ ಹಳೆಯ ಆಯಿಲನ್ನು ಗೆದ್ದಲಿಗೆಂದು ತೋಟದ ಬೇಲಿ ಗೂಟಕ್ಕೆ ಬಳಿಯುತ್ತೇನೆ ಎಂದೆಯಲ್ಲ, ಬೇಡ. ಅದರಲ್ಲಿ ಕ್ಯಾನ್ಸರ್ ತರುವ ವಿಷವಿದೆ, ಮಳೆ ಬಂದರೆ ಬಾವಿಗೆ ಇಳಿಯುತ್ತದೆ. ಕ್ಯಾನಿನಲ್ಲಿ ತುಂಬಿ ಇಲ್ಲಿಗೆ ತಾ, ನಮ್ಮಲ್ಲಿ ಪೀಪಾಯಿ ಇದೆ, ಪರವಾನಗಿ ಇರುವವರು ಬಂದು ಒಯ್ಯುತ್ತಾರೆ. ಖಾಲಿಯಾದ ಡಬ್ಬಿಯನ್ನು ಗುಜರಿಗೆ ಹಾಕುವ ಮುಂಚೆ ಮೊಳೆಯಿಂದ ತೂತು ಮಾಡು. ಇಲ್ಲವಾದರೆ ಅದೇ ಡಬ್ಬಿ ಕಲಬೆರಕೆ ಮಾಲು ತುಂಬಿಕೊಂಡು ಯಾವುದೋ ಅಂಗಡಿಗೆ ಮರಳುತ್ತದೆ.

ಮಿಕ್ಕ ಆಯಿಲಿಗೆ ಮುಚ್ಚಳ ಬಿಗಿದು, ದಿನಾಂಕ ಬರೆದು ಅಟ್ಟದ ಮೇಲಿಡು. ಅಪ್ಪನ ಕಾರಿನ ಮಟ್ಟ ಇಳಿದರೆ ಅದಕ್ಕೇ ಬೇಕಾಗುತ್ತದೆ. ನಿನ್ನ ಬುಲೆಟ್ಟಿನದನ್ನು ನಾನು ತೆಗೆದಿಟ್ಟಿದ್ದೇನೆ, ಡ್ರೇನ್ ಬೋಲ್ಟಿನ ವಾಷರನ್ನೂ ಸೇರಿಸಿ. ಸಂಜೆ ಏಳರೊಳಗೆ ಬಾ. ದುಡ್ಡು ತಾ.