ಪದಚರ್ಚೆ: ‘ಡಾಗ್‌ಟ್ರಾಟ್’ ಮನೆಗೆ ಕನ್ನಡದಲ್ಲಿ ಏನನ್ನೋಣ?

ಬಳಗಕ್ಕೆ ನಮಸ್ಕಾರ.

ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ಒಕ್ಕಲು ಮನೆಗಳ ಬಗ್ಗೆ ಒಂದು ಸಣ್ಣ ಬರಹ ಬರೆಯುತ್ತಿದ್ದೇನೆ. ಟೆಕ್ಸಸ್‌ನ ಕನ್ನಡದವರು ಊರಿಂದ ಬಂದ ಅಪ್ಪ ಅಮ್ಮನನ್ನು ಸುತ್ತಾಡಿಸುವಾಗ ಕೈಯಲ್ಲಿರಲಿ ಅಂತ. ಒಂದು ಪದ ಸಿಗದೆ ಬರಹ ಅಲ್ಲೇ ನಿಂತಿದೆ.

ಹ್ಯೂಸ್ಟನ್‌ನಿಂದ ಡಲ್ಲಾಸ್‌ಗೆ ಹೋಗುವ 45ನೇ ಹೆದ್ದಾರಿಯಲ್ಲಿ ಹಂಟ್ಸ್‌ವಿಲ್ ಸಿಗುತ್ತದೆ. ರಸ್ತೆ ಪಕ್ಕದಲ್ಲೇ ಸ್ಯಾಮ್ ಹ್ಯೂಸ್ಟನ್ ಅವರ 67 ಅಡಿಯ ಬಿಳಿ ಪ್ರತಿಮೆ. ಜಾಸ್ತಿ ಜನ ಅಲ್ಲೊಂದು ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೋಡಬೇಕಾದ್ದು ಊರೊಳಗಿದೆ: 1847ರ ಹೊತ್ತಿಗೆ ಅವರು ಕಟ್ಟಿಸಿದ ‘ವುಡ್‌ಲ್ಯಾಂಡ್’ ಮನೆ. ಟೆಕ್ಸಸ್ ಬೇರೆಯೇ ಗಣರಾಜ್ಯವಾಗಿದ್ದಾಗ ಹ್ಯೂಸ್ಟನ್ ಅದರ ಅಧ್ಯಕ್ಷರಾಗಿದ್ದವರು, ಮನೆ ಕಟ್ಟಿಸುವಾಗ ಅಮೆರಿಕದ ಸೆನೆಟರ್. ಮನೆ ಮಾತ್ರ ಆ ಕಡೆಯ ಯಾವುದೇ ರೈತನ ಮನೆಯ ಹಾಗೆಯೇ ಇದೆ. ಒಳಗೆ ದಿಮ್ಮಿಗಳ ಗೋಡೆ, ಹೊರಗೆ ಬಿಳಿ ಹಲಗೆಯ ಹೊದಿಕೆ. ದಿಮ್ಮಿ ಮನೆ ಅಂತ ಕಾಣಿಸಿಕೊಳ್ಳಲು ಅನುಕೂಲಸ್ಥರಿಗೆ ಸ್ವಲ್ಪ ಸಂಕೋಚ ಇತ್ತೇನೋ! ಮಧ್ಯದಲ್ಲಿ ಒಂದು ಹಾದಿ. ಈ ಬಗೆಯ ಮನೆಗೇ ಡಾಗ್‌ಟ್ರಾಟ್ ಅನ್ನುತ್ತಾರೆ.

ರಚನೆ ಹೀಗೆ. ಎರಡು ದೊಡ್ಡ ಕೋಣೆಗಳು ಎದುರುಬದುರು ಇರುತ್ತವೆ. ನಡುವೆ ಹತ್ತು ಅಡಿಯೋ ಅದಕ್ಕೆ ಹೆಚ್ಚುಕಮ್ಮಿಯೋ ಜಾಗ. ಎರಡು ಕೋಣೆಗೂ ಆ ಜಾಗಕ್ಕೂ ಸೇರಿ ಒಂದೇ ಮಾಡು (ಸೂರು). ಹಾದಿಯ ಎರಡು ತುದಿಗೂ ಬಾಗಿಲಿಲ್ಲ. ಒಲೆಗೂಡು, ಚಿಮಣಿ ಎರಡೂ ಕೋಣೆಗಳ ಹೊರತುದಿಗೆ. ಅಟ್ಟಕ್ಕೆ ಹೋಗುವ ಮೆಟ್ಟಿಲು ಎಷ್ಟೋ ಮನೆಗಳಲ್ಲಿ ಈ ಹಾದಿಯಲ್ಲೇ ಇರುತ್ತದೆ. ದಕ್ಷಿಣದ ಬೇಸಿಗೆ ಗೊತ್ತಲ್ಲ, ಬಿಸಿಲಿಗಿಂತ ಸೆಕೆ ಜಾಸ್ತಿ. ಮಾಡಿನ ನೆರಳಿನಲ್ಲಿ ಗಾಳಿ ಈ ಕಡೆ ನುಗ್ಗಿ ಆ ಕಡೆ ಹೊರಬೀಳುತ್ತದೆ. ಹಾಗಾಗಿ ಮನೆಯವರು ಹಗಲೆಲ್ಲ ಇಲ್ಲೇ. ಕಾಳು ಬಿಡಿಸುವುದು, ಹೊಲಿಗೆ, ಸೆಕೆಯ ರಾತ್ರಿ ಮಲಗುವುದೂ ಇಲ್ಲೇ. ನಾಯಿಗಳೂ ಇಲ್ಲೇ ಓಡಾಡಿಕೊಂಡು ಬಿದ್ದಿರುತ್ತಿದ್ದವು, ಹೆಸರು ಅದರಿಂದ ಬಂತು ಅನ್ನುತ್ತಾರೆ. ‘ನಾಯಿಯೋಟದ ಮನೆ’ ಅಂದರೆ ಕನ್ನಡದಲ್ಲಿ ರೇಸ್ ಕೋರ್ಸಿನ ನೆನಪಾಗುತ್ತದೆ. ಅದು ಬೇಡ.

ನಮ್ಮ ಪದಗಳನ್ನು ಒಂದೊಂದಾಗಿ ಕೂರಿಸಿ ನೋಡಿದೆ. ಪಡಸಾಲೆಗೆ ಹಿಂದೆ ಗೋಡೆ ಇರುತ್ತದೆ, ಇಲ್ಲಿ ಇಲ್ಲ. ನಡುಮನೆ ಅಂದರೆ ಪೂರ್ತಿ ಒಳಗಿನ ಕೋಣೆ. ಹಜಾರವೂ ಅಷ್ಟೇ. ಓಣಿಗೆ ಸೂರಿಲ್ಲ, ಅಲ್ಲಿ ಯಾರೂ ಕೂತು ಕಾಳು ಬಿಡಿಸುವುದಿಲ್ಲ. ತೊಟ್ಟಿ ಸರಿ ಉಲ್ಟಾ: ಅದು ಸುತ್ತ ಮುಚ್ಚಿ ಮೇಲೆ ತೆರೆದಿರುತ್ತದೆ, ಇದು ಮೇಲೆ ಮುಚ್ಚಿ ಹಿಂದೆ ಮುಂದೆ ತೆರೆದಿರುತ್ತದೆ. ಜಗಲಿ ಮನೆಯ ಅಂಚಿನಲ್ಲಿರುತ್ತದೆ, ನಿಜ. ಆದರೆ ಕೂರುವುದು, ಮಾತು, ಗಾಳಿ, ಮಲಗುವುದು ಎಲ್ಲ ಆ ಪದದಲ್ಲಿದೆ. ಅದಕ್ಕೇ ‘ನಡುಜಗಲಿ ಮನೆ’ ಅನ್ನೋಣವೇ ಅಂತ ಯೋಚನೆ. ಒಂದು ತೊಡಕಿದೆ. ಈ ಮನೆಗಳ ಮುಂದೆ ನಿಜವಾದ ಜಗಲಿಯೂ ಇರುತ್ತದೆ, ಟೆಕ್ಸಸ್‌ನ ಹಳಬರು ಅದನ್ನು ಗ್ಯಾಲರಿ ಅನ್ನುತ್ತಿದ್ದರು. ಅದನ್ನು ಮುಂಜಗಲಿ ಅಂದರೆ ಗೊಂದಲ ತಪ್ಪೀತು.

ಇನ್ನೊಂದು ಪದ ‘ಪೆನ್’. ದಿಮ್ಮಿಗಳನ್ನು ಮೂಲೆಯಲ್ಲಿ ಕಚ್ಚು ಹಾಕಿ ಪೇರಿಸಿದ ಒಂದು ಚೌಕ ಅದು. ದನ ಕೂಡುವ ದೊಡ್ಡಿಗೂ ಅದೇ ಮಾತು. ಕೆಲವರು ಸೇರಿ ಎತ್ತಿ ಇಡಬಹುದಾದ ದಿಮ್ಮಿ ಎಷ್ಟುದ್ದವೋ ಪೆನ್ನೂ ಅಷ್ಟೇ, ಸಾಮಾನ್ಯವಾಗಿ 16ರಿಂದ 20 ಅಡಿ. ಮನೆ ದೊಡ್ಡದು ಮಾಡಬೇಕೆಂದರೆ ಗೋಡೆಯನ್ನು ಉದ್ದಕ್ಕೆ ಬೆಳೆಸುವುದು ಕಷ್ಟ, ಮೂಲೆಯ ಕಚ್ಚು ಬಿಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಪೆನ್ ಎಬ್ಬಿಸಿ ಮಾಡು ಸೇರಿಸುವುದು ಸುಲಭ. ಡಾಗ್‌ಟ್ರಾಟ್‌ಗೆ ಗಾಳಿಯಷ್ಟೇ ಈ ಕಟ್ಟುವ ಲೆಕ್ಕವೂ ಕಾರಣ. ನಮ್ಮಲ್ಲಿ ಕಂಬ ತೊಲೆಗಳ ನಡುವಿನ ಒಂದೊಂದು ಜಾಗವನ್ನು ಒಂದು ಅಂಕಣ ಅಂತ ಎಣಿಸಿ ಮೂರಂಕಣ, ಐದಂಕಣ ಅಂತ ಮನೆ ಅಳೆಯುತ್ತಿದ್ದರಲ್ಲ, ಹಾಗಾಗಿ ‘ಅಂಕಣ’ ಇಲ್ಲಿಗೆ ಹೊಂದುತ್ತದೆ ಅಂತ ನನ್ನ ವಾದ. ಅಂಕಣಕ್ಕೆ ಕಂಬ ಸಾಕು, ಪೆನ್ನಿಗೆ ನಾಲ್ಕು ಗೋಡೆ ಬೇಕು ಅಂತ ಯಾರಾದರೂ ತಕರಾರು ತೆಗೆಯಬಹುದು. ತೆಗೆಯಿರಿ. ಈಗಿನ ಹುಡುಗರಿಗೆ ಅಂಕಣ ಅಂದರೆ ಪೇಪರಿನದ್ದೇ, ಆ ಭಯ ನನಗೆ ಜಾಸ್ತಿ.

ಅಡುಗೆಮನೆ ಮುಖ್ಯ ಮನೆಗೆ ಅಂಟಿರುವುದಿಲ್ಲ, ಅಂಗಳದಲ್ಲಿ ಬೇರೆಯೇ. ಬೆಂಕಿಯ ಭಯ, ಒಲೆಯ ಕಾವು ಎರಡೂ ಕಾರಣ. ಅನುಕೂಲಸ್ಥರ ಮನೆಗಳಲ್ಲಿ ಅಲ್ಲಿ ಬೇಯುತ್ತಿದ್ದವರು ಗುಲಾಮರು. ಇಲ್ಲಿ ‘ಆಳುಕಾಳು’ ಅಂತ ಬರೆದು ಜಾರಿಕೊಳ್ಳಬಾರದು. ‘ಜೀತದಾಳು’ ಕೂಡ ಸರಿಯಲ್ಲ, ಜೀತದ ಹಿಂದೆ ಸಾಲದ ಲೆಕ್ಕವಾದರೂ ಇರುತ್ತದೆ. ಇವರನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಸ್ಯಾಮ್ ಹ್ಯೂಸ್ಟನ್‌ಗೆ ಗುಲಾಮರಾಗಿದ್ದ ಜಾಶುವಾ ಹ್ಯೂಸ್ಟನ್ ಕಮ್ಮಾರಿಕೆ ಬಲ್ಲವರು. ಬಿಡುಗಡೆಯ ನಂತರ ಅದೇ ಹಂಟ್ಸ್‌ವಿಲ್ ಇರುವ ವಾಕರ್ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಕಮಿಷನರ್, ಅಂದರೆ ಅದರ ಆಡಳಿತ ಮಂಡಳಿಗೆ ಆರಿಸಿ ಬಂದ ಸದಸ್ಯ, ಆದರು. ಬರಹದಲ್ಲಿ ಅವರ ಹೆಸರು ಹಾಕುತ್ತೇನೆ, ಪದ ‘ಗುಲಾಮ’ ಅಂತಲೇ ಇರುತ್ತದೆ.

ಈಗ ನನ್ನ ಪ್ರಶ್ನೆ. ಮಲೆನಾಡು, ಕರಾವಳಿ ಕಡೆಯವರು ಹೇಳಬೇಕು: ಮಳೆಗಾಲದಲ್ಲಿ ನೆನೆಯದೆ ಓಡಾಡಲು ಮನೆಗೂ ಕೊಟ್ಟಿಗೆಗೂ ನಡುವೆ ಮಾಡು ಇಳಿಸಿದ ಹಾದಿ ಇದ್ದರೆ ಅದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಉತ್ತರ ಕರ್ನಾಟಕದವರು ಎರಡು ಬಾಗಿಲ ನಡುವಿನ ಗಾಳಿ ಹಾಯುವ ಜಾಗಕ್ಕೆ ಬೇರೆ ಹೆಸರು ಬಳಸುತ್ತೀರಾ? ನಿಘಂಟಿನ ಪದಕ್ಕಿಂತ ಅಜ್ಜ ಅಜ್ಜಿ ಆಡುತ್ತಿದ್ದ ಪದ ಸಿಕ್ಕರೆ ಒಳ್ಳೆಯದು. ಯಾವುದೂ ಸಿಗದಿದ್ದರೆ ನಡುಜಗಲಿಯನ್ನೇ ಉಳಿಸಿ, ಮೊದಲ ಸಲ ಬಂದಾಗ ಪಕ್ಕದಲ್ಲಿ ಡಾಗ್‌ಟ್ರಾಟ್ ಅಂತಲೂ ಬರೆದುಬಿಡುತ್ತೇನೆ.