ಕಾರ್ಯದರ್ಶಿ ಬದಲಾದರು, ಲಾಗಿನ್ ಆಗ್ತಿಲ್ಲ – ಅರ್ಜೆಂಟ್

ಜೀಬ್ರಾಪಟ್ಟೆ:
ನಮ್ಮದು ಪಾದಚಾರಿಗಳ ಪರ ಕೆಲಸ ಮಾಡೋ ಸಣ್ಣ ಸಂಸ್ಥೆ, ಬೆಂಗಳೂರು. ಮೂರು ವಾರದ ಹಿಂದೆ ಸರ್ವಸದಸ್ಯರ ಸಭೆಯಲ್ಲಿ ಸಮಿತಿ ಬದಲಾಯ್ತು, ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಿತ್ತು. ಪಾಸ್‌ವರ್ಡ್ ಬರೆದ ನೋಟ್‌ಬುಕ್ ಕೈಯಲ್ಲಿದೆ, ಆದ್ರೂ ಲಾಗಿನ್ ಆಗ್ತಿಲ್ಲ. ಎರಡು ರಾತ್ರಿಯಿಂದ ಒದ್ದಾಡ್ತಿದೀನಿ. ಗುರುವಾರ ಪಾಲಿಕೆ ಇಂಜಿನಿಯರ್ ಹತ್ರ ಹೋಗಬೇಕು, ಫುಟ್‌ಪಾತ್ ಸರ್ವೆ ಪೂರ್ತಿ ಅದರೊಳಗೇ ಕೂತಿದೆ. ಯಾರಿಗಾದ್ರೂ ಹೀಗಾಗಿತ್ತಾ?

ಬೈಲಾ_ಬಾಬು:
ಸೊಸೈಟಿನಾ, ಟ್ರಸ್ಟಾ? ಸೊಸೈಟಿ ಆದ್ರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 13ನೇ ಕಲಂ. ಸಭೆಯಾದ 14 ದಿನದೊಳಗೆ ಹೊಸ ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿಗೆ ಸೇರಬೇಕು. ನೀವು ಕೊಟ್ಟಿರಲ್ಲ. ನೂರಕ್ಕೆ ನೂರು ಅದೇ.

ಜೀಬ್ರಾಪಟ್ಟೆ:
ಸೊಸೈಟಿ. ಕೊಟ್ಟಾಗಿದೆ, ಸ್ವೀಕೃತಿ ಇದೆ.

ಬೈಲಾ_ಬಾಬು:
ಸ್ವೀಕೃತಿ ಸಾಲದು. ದೃಢೀಕೃತ ಪ್ರತಿ ತಗೊಳ್ಳಿ, ಜೊತೆಗೆ ಸಭೆಯ ನಡಾವಳಿ. ಅದಿಲ್ದೆ ಬ್ಯಾಂಕ್‌ನೋರು ಚೆಕ್ ಸಹಿ ಬದಲಾಯಿಸೋ ಮಾತೇ ಇಲ್ಲ.

ಜೀಬ್ರಾಪಟ್ಟೆ:
ಬ್ಯಾಂಕ್ ಅಂತ ನಾನೆಲ್ಲಿ ಹೇಳ್ದೆ?

ಡಾಂಗಲ್:
ಆದಾಯ ತೆರಿಗೆ ಪೋರ್ಟಲ್ ಇರಬೇಕು. ಒಟಿಪಿ ಹಳೇ ಕಾರ್ಯದರ್ಶಿ ಮೊಬೈಲಿಗೆ ಹೋಗ್ತಿರುತ್ತೆ. ಅವರ ಡಿಜಿಟಲ್ ಸಹಿ ಇರೋ ಯುಎಸ್‌ಬಿ ಡಾಂಗಲ್ ಇಸ್ಕೊಳ್ಳಿ, ಮುಗೀತು.

ಬೈಲಾ_ಬಾಬು:
ಡಿಜಿಟಲ್ ಸಹಿ ವ್ಯಕ್ತಿಯ ಹೆಸರಲ್ಲಿರುತ್ತೆ ಸ್ವಾಮಿ, ಕುರ್ಚಿ ಹೆಸರಲ್ಲಲ್ಲ. ಇನ್ನೊಬ್ಬರ ಸಹಿ ಬಳಸೋದರ ಬಗ್ಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ 66ಸಿ ಓದ್ಕೊಂಡು ಬನ್ನಿ.

ಡಾಂಗಲ್:
ಓದಿದೀನಿ. ಮೋಸದಿಂದ ಬಳಸಿದ್ರೆ ಅಂತಿದೆ. ನಿಮಗೆ ಎಲ್ಲದರಲ್ಲೂ ಕಲಂ ಬೇಕು.

ನಕ್ಷೆಗಾರ:
ಸರ್ವೆ ಯಾವ ಆ್ಯಪಲ್ಲಿ ಮಾಡಿದ್ದು? ನಾನು ಬ್ಯಾಗಿಗೆ 360 ಕ್ಯಾಮೆರಾ ಸಿಗಿಸಿ, ಕೈಯಲ್ಲಿ ಚಕ್ರದ ಅಳತೆಗೋಲು ತಳ್ಕೊಂಡು ಬೆಳಗ್ಗೆ ಆರಕ್ಕೆ ಹೊರಟ್ರೆ ಎಂಟರೊಳಗೆ ಜಯನಗರ 4ನೇ ಬ್ಲಾಕ್ ಸುತ್ತ ಒಂದು ರೌಂಡ್. ನಡೀತಾ ನಡೀತಾ ಸ್ಟ್ರೀಟ್‌ಕಂಪ್ಲೀಟ್ ಆ್ಯಪಲ್ಲಿ ರಸ್ತೆ ವಿವರ ತುಂಬೋದು. ಎಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ, ಯಾರು ಬೇಕಾದ್ರೂ ತಿದ್ದಬಹುದಾದ ಮುಕ್ತ ನಕ್ಷೆ ಅದು. ಸಮಿತಿ ಬಿದ್ರೂ ನಕ್ಷೆ ಬೀಳಲ್ಲ.

ಕಲ್ಲುಚಪ್ಪಡಿ:
ಚಕ್ರ ನಮ್ಮ ಫುಟ್‌ಪಾತಿಗಲ್ಲ. ಎದ್ದ ಚಪ್ಪಡಿ ಮೇಲೆ ಹತ್ತಿಳಿದು ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಟೇಪ್ ಹಿಡೀರಿ. ಅಳೆಯೋದಾದ್ರೂ ಯಾವುದನ್ನ? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಫುಟ್‌ಪಾತ್ ಮಾರ್ಗಸೂಚಿ ಐಆರ್‌ಸಿ 103ರ 1.8 ಮೀಟರ್ ಅಂದ್ರೆ ಅಡ್ಡ ಏನೂ ಇಲ್ಲದ ಅಗಲ. ನೀವು ಕಾಂಪೌಂಡಿಂದ ಅಂಚಿನ ಕಲ್ಲಿನವರೆಗೆ ಅಳೆದು 2.1 ಅಂತ ಹಾಕ್ತೀರ, ನಡುವೆ ಟ್ರಾನ್ಸ್‌ಫಾರ್ಮರ್ ಕೂತಿರುತ್ತೆ.

ನಕ್ಷೆಗಾರ:
ಎರಡೂ ಹಾಕ್ತೀನಿ. ನೋಡದೇ ಮಾತಾಡ್ಬೇಡಿ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಫುಟ್‌ಪಾತ್ ಹೊಸದಾಗಿ ಮಾಡಿದ ರೆಸಿಡೆನ್ಸಿ ರಸ್ತೆಗೆ ಹೋಗಿ ಟೇಪ್ ಹಿಡೀರಿ, ಆಮೇಲೆ ಹೇಳಿ.

ಕಲ್ಲುಚಪ್ಪಡಿ:
ಅಂಥ ರಸ್ತೆ ನಾಲ್ಕು ತೋರಿಸಿ ಊರೆಲ್ಲ ಹಂಗೇ ಇದೆ ಅನ್ನೋದು ಬಿಡಿ. ಸಂಜೆ ಟ್ರಾಫಿಕ್ ನಿಂತಾಗ ನಮ್ಮ ಕಡೆ ಫುಟ್‌ಪಾತ್ ಮೇಲೆ ಬೈಕು ಹಾರ್ನ್ ಹೊಡೀತಾ ಬರುತ್ತೆ, ನಡೆಯೋರೇ ಸಾರಿ ಅಂತ ಸರೀಬೇಕು.

ಜೀಬ್ರಾಪಟ್ಟೆ:
ಅಗಲ ಬಿಡ್ರಪ್ಪ! ಗೂಗಲ್ ಲಾಗಿನ್. ಸಂಸ್ಥೆ ಡೊಮೇನಲ್ಲಿರೋ ಕಾರ್ಯದರ್ಶಿ ಮೇಲ್. ನಕ್ಷೆ, ಶೀಟು, ಫೋಟೊ ಎಲ್ಲ ಅದರಲ್ಲೇ. ಟ್ರಾನ್ಸ್‌ಫಾರ್ಮರ್ ಸುತ್ತುಹಾಕ್ಕೊಂಡು ಅಜ್ಜಿಯೊಬ್ಬರು ಬಸ್ಸಿಗೆ ಎದುರಾಗಿ ರಸ್ತೆಗಿಳೀತಿರೋ ಫೋಟೊ ಒಂದಿದೆ, ಅದೊಂದನ್ನ ತೋರಿಸಿದ್ರೂ ಇಂಜಿನಿಯರ್ ಬಾಯಿ ಮುಚ್ಚುತ್ತೆ. ‘ಖಾತೆ ಸಿಗಲಿಲ್ಲ’ ಅಂತ ಬರುತ್ತೆ.

ಡಾಂಗಲ್:
ಇದನ್ನ ಮೊದಲೇ ಹೇಳೋಕೇನಾಗಿತ್ತು? ಹಳಬರಿಗೊಂದು ಫೋನ್ ಹಾಕಿ.

ಜೀಬ್ರಾಪಟ್ಟೆ:
ಆಗಲ್ಲ. ಸಂಸ್ಥೆ ಕಟ್ಟಿದೋರೇ ಅವರು. ಒಂಬತ್ತು ವರ್ಷ. ನಿಮ್ಮ ಅವಧಿ ಮುಗೀತು ಸರ್ ಅಂತ ಸಭೆಯಲ್ಲಿ ಎದ್ದು ನಿಂತು ಅಂದೋಳು ನಾನು. ಯಾವ ಮುಖ ಇಟ್ಕೊಂಡು ಮಾಡ್ಲಿ?

ಬೈಲಾ_ಬಾಬು:
ಕೋರಂ ಇತ್ತಾ?

ಅಡ್ಮಿನ್_ಅಕ್ಕ:
ಪಾಸ್‌ವರ್ಡ್ ತಪ್ಪಿದ್ರೆ ಪಾಸ್‌ವರ್ಡ್ ತಪ್ಪು ಅಂತಲೇ ಬರುತ್ತೆ. ಖಾತೆ ಸಿಗಲಿಲ್ಲ ಅಂದ್ರೆ ಖಾತೆನೇ ಇಲ್ಲ. ನಿಮ್ಮಲ್ಲಿ ಅಡ್ಮಿನ್ ಯಾರು? ಸಸ್ಪೆಂಡ್ ಮಾಡಿದ್ರಾ, ಡಿಲೀಟ್ ಮಾಡಿದ್ರಾ? ಮಾಡಿ ಎಷ್ಟು ದಿನ?

ಜೀಬ್ರಾಪಟ್ಟೆ:
ಖಜಾಂಚಿ. ಈಗ ಕೇಳಿದೆ. ಡಿಲೀಟಂತೆ. ಲೈಸೆನ್ಸ್ ದುಡ್ಡು ಉಳೀಲಿ ಅಂತ ಮಾಡಿದ್ರಂತೆ. ಇವತ್ತಿಗೆ ಹದಿನೇಳು ದಿನ.

ಅಡ್ಮಿನ್_ಅಕ್ಕ:
ನಮ್ಮಂಥ ಸಂಸ್ಥೆಗಳಿಗೆ ಗೂಗಲ್‌ನ ಆ ಮೂಲ ಪ್ಲಾನ್ ಪುಕ್ಕಟೆ ಕಣಮ್ಮ, ಉಳಿದಿದ್ದು ಸೊನ್ನೆ. ವಾಪಸ್ ತರೋಕೆ 20 ದಿನ ಮಾತ್ರ ಅವಕಾಶ. ಖಜಾಂಚಿನ ಈಗಲೇ ಕೂರಿಸಿ: ಅಡ್ಮಿನ್ ಕನ್ಸೋಲ್, ಬಳಕೆದಾರರ ಪಟ್ಟಿ, ಫಿಲ್ಟರಲ್ಲಿ ‘ಇತ್ತೀಚೆಗೆ ಡಿಲೀಟ್ ಆದವರು’, ರಿಕವರ್. ಬಂದ ತಕ್ಷಣ ಫೈಲೆಲ್ಲ ಶೇರ್ಡ್ ಡ್ರೈವ್‌ಗೆ ಹಾಕಿ, ಅಲ್ಲಿ ಮಾಲೀಕತ್ವ ಸಂಸ್ಥೆಯದ್ದು. ಅವರ ಮೇಲ್ ಮಾತ್ರ ಓದೋಕೆ ಹೋಗ್ಬೇಡಿ.

ಜೀಬ್ರಾಪಟ್ಟೆ:
ಖಾತೆ ಬಂತು ಅಕ್ಕಾ! ಪಾಸ್‌ವರ್ಡ್ ತಗೊಳ್ತು. ಈಗ ಒಟಿಪಿ ಕೇಳ್ತಿದೆ, ಹೋಗಿರೋದು ಅವರ ಮೊಬೈಲಿಗೆ.

ಡಾಂಗಲ್:
ನಾನು ಆವಾಗ್ಲೇ ಹೇಳ್ಲಿಲ್ವಾ.

ಅಡ್ಮಿನ್_ಅಕ್ಕ:
ಖಜಾಂಚಿನೇ ಬ್ಯಾಕಪ್ ಕೋಡ್ ತೆಗೆದು ಕೊಡಬಹುದು. ಆ ಬಳಕೆದಾರರ ಭದ್ರತೆ ವಿಭಾಗದಲ್ಲಿದೆ.

ಜೀಬ್ರಾಪಟ್ಟೆ:
ಬೇಕಾಗ್ಲಿಲ್ಲ. ನಾನು ಕೇಳೂ ಇಲ್ಲ, ವಾಟ್ಸ್ಆ್ಯಪಲ್ಲಿ ಆರು ಅಂಕಿ ಬಂತು. ಅದರ ಕೆಳಗೆ ‘ಅಜ್ಜಿ ಫೋಟೊ ಮೂರನೇ ಫೋಲ್ಡರಲ್ಲಿದೆ’ ಅಂತ.

ಕಲ್ಲುಚಪ್ಪಡಿ:
ಒಳ್ಳೇದಾಯ್ತು ಮೇಡಂ. ಅಂದಹಾಗೆ ಆ ಸರ್ವೆ ಅಳೆದಿದ್ದು ಟೇಪಲ್ಲೋ ಚಕ್ರದಲ್ಲೋ?