ಸರ್ಜ್ ಪ್ರೊಟೆಕ್ಟರ್ ಹಾಕಿದ ಮೇಲೆ ಟ್ರೇಲರ್ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತಿದೆ

ಕೆಂಗೇರಿ ಟ್ರೇಲರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಜೀಪಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಇದೆ. ಕಬ್ಬಿಣದ ಛಾಸಿ, ತಗಡಿನ ಬಾಡಿ. ಒಳಗೆ ಚಿಕ್ಕ ಫ್ರಿಜ್, ಬ್ಯಾಟರಿ ಚಾರ್ಜರ್, ಎರಡು ಪ್ಲಗ್ ಪಾಯಿಂಟ್. ಹೋದ ವರ್ಷ ಮಲೆನಾಡಿನ ಒಂದು ಹೋಂಸ್ಟೇಯಲ್ಲಿ ಗುಡುಗು ಮಳೆಯ ರಾತ್ರಿ ಚಾರ್ಜರ್ ಸುಟ್ಟುಹೋಯಿತು. ಹಾಗಾಗಿ ಈ ಸಲ ಎಸ್.ಪಿ. ರೋಡಿಗೆ ಹೋಗಿ ಟೈಪ್ 2 ಎಸ್‌ಪಿಡಿ (ಅದೇ ಸರ್ಜ್ ಪ್ರೊಟೆಕ್ಟರ್, ದಿಢೀರ್ ಏರುವ ವೋಲ್ಟೇಜಿನ ಏಟು ತಡೆಯುವುದು) ತಂದು, ಡಿಬಿಯೊಳಗೆ (ಸ್ವಿಚ್‌ಗಳ ಡಬ್ಬಿ) ನಾನೇ ಕೂರಿಸಿದೆ. ಅದರ ಮೇಲೆ 275 ವೋಲ್ಟ್, 40 ಕೆಎ (ಕಿಲೋಆಂಪ್) ಅಂತ ಬರೆದಿದೆ.

ನಿನ್ನೆ ಸಂಜೆ ಮಳೆ ನಿಂತ ಮೇಲೆ ಮಗಳು ಬರಿಗಾಲಲ್ಲಿ ಹೋಗಿ ಬಾಗಿಲ ಹಿಡಿ ಮುಟ್ಟಿದಳು. "ಅಪ್ಪಾ, ಜುಮ್ ಅಂತು" ಅಂದಳು. ನಾನು ಬೆರಳಿನ ಹಿಂಭಾಗವನ್ನು ತಗಡಿನ ಮೇಲೆ ಮೆಲ್ಲಗೆ ಸವರಿ ನೋಡಿದೆ. ಹೌದು, ಸಣ್ಣಗೆ ನಡುಗಿದ ಹಾಗೆ ಆಗುತ್ತದೆ. ಎಸ್‌ಪಿಡಿ ಹಾಕುವ ಮೊದಲು ಹೀಗೆ ಆಗಿರಲಿಲ್ಲ.

ಎಸ್‌ಪಿಡಿಯ ಟರ್ಮಿನಲ್‌ಗಳಲ್ಲಿ ಅಳೆದೆ. ಫೇಸ್-ನ್ಯೂಟ್ರಲ್ 231 ವೋಲ್ಟ್, ಫೇಸ್-ಅರ್ಥ್ 229, ನ್ಯೂಟ್ರಲ್-ಅರ್ಥ್ 1.4. ಎಸ್‌ಪಿಡಿಯ ಪುಟ್ಟ ಸೂಚಕ ಕಿಟಕಿಯಲ್ಲಿ ಹಸಿರು ಬಣ್ಣವೇ ಇದೆ. ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಟಕ್ ಅಂತ ಬೀಳುತ್ತದೆ. ಎಲ್ಲ ಸರಿ ಇರುವಾಗ ಬಾಡಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ?

ಯಲಹಂಕ ವ್ಯಾನ್:

ಮಳೆಯ ತೇವ ಇರಬಹುದು ಸರ್. ಇಲ್ಲಾಂದ್ರೆ ಎಸ್‌ಪಿಡಿಯೇ ಲೀಕ್ ಆಗುತ್ತಿರಬಹುದು. ಅದನ್ನು ಬಿಚ್ಚಿ ಒಂದು ಸಲ ನೋಡಿ.

ಹಳೇ ವೈರ್‌ಮನ್:

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ಇದು ಸರಿಹೋಗುವವರೆಗೆ ಮಗುವನ್ನು ಅದರ ಹತ್ತಿರ ಬಿಡಬೇಡಿ. ಸಣ್ಣ ಜುಮ್ ಅಂತ ಬಿಟ್ಟುಬಿಡುವ ವಿಷಯ ಇದಲ್ಲ.

ನೀವು ಮಾಡಿದ ಮೂರು ಪರೀಕ್ಷೆಗಳಲ್ಲಿ ಒಂದೂ ಬಾಡಿಗೆ ಅರ್ಥ್ ಸಿಕ್ಕಿದೆಯೋ ಇಲ್ಲವೋ ಹೇಳುವುದಿಲ್ಲ. ಹಸಿರು ಕಿಟಕಿ ಹೇಳುವುದು ಎಸ್‌ಪಿಡಿಯ ಒಳಗಿನ ತುಂಡು ಇನ್ನೂ ಸುಟ್ಟಿಲ್ಲ ಅಂತ ಮಾತ್ರ. ಅರ್ಥ್ ವೈರೇ ಇಲ್ಲದಿದ್ದರೂ ಅದು ಹಸಿರಾಗಿಯೇ ಇರುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತನ್ನೊಳಗಿನ ರೆಸಿಸ್ಟರ್ ಮೂಲಕ ಫೇಸ್-ನ್ಯೂಟ್ರಲ್ ನಡುವೆಯೇ ಸ್ವಲ್ಪ ಕರೆಂಟ್ ಹರಿಸಿ ಬೀಳಿಸುತ್ತದೆ. ಅದಕ್ಕೂ ಅರ್ಥ್ ಬೇಡ. ಇನ್ನು ವೋಲ್ಟೇಜ್ ನೀವು ಅಳೆದಿದ್ದು ಎಸ್‌ಪಿಡಿಯ ಟರ್ಮಿನಲ್‌ನಲ್ಲಿ. ಮಗಳು ಮುಟ್ಟಿದ್ದು ಬಾಗಿಲ ಹಿಡಿಯನ್ನು. ಇವೆರಡೂ ಒಂದೇ ಜಾಗಕ್ಕೆ ಸೇರಿವೆ ಅಂತ ಹೇಗೆ ಗೊತ್ತು?

ಈಗ ಪ್ಲಗ್ ಕೈಯಲ್ಲೇ ಇದೆ ಅಲ್ವಾ? ಮಲ್ಟಿಮೀಟರನ್ನು ಓಂಗೆ ಹಾಕಿ. ಒಂದು ಕಡ್ಡಿ ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದು ಛಾಸಿಯ ಬಣ್ಣ ಇಲ್ಲದ ಜಾಗಕ್ಕೆ. ಎಷ್ಟು ಬರುತ್ತದೆ ಹೇಳಿ. ಅರ್ಥ್ ವೈರನ್ನು ಎಲ್ಲಿಂದ ಎಲ್ಲಿಗೆ ಎಳೆದಿದ್ದೀರಿ ಅಂತಲೂ ಬರೆಯಿರಿ.

ಕೆಂಗೇರಿ ಟ್ರೇಲರ್:

ಮೀಟರ್ ಓಎಲ್ ತೋರಿಸುತ್ತಿದೆ ಸರ್, ಅಂದರೆ ಸಂಪರ್ಕವೇ ಇಲ್ಲ! ಕಡ್ಡಿ ಎಷ್ಟು ಒತ್ತಿದರೂ ಅದೇ.

ಮೊದಲು ಒಳಬರುವ ಕೇಬಲ್ಲಿನ ಅರ್ಥ್ ನೇರ ಡಿಬಿಯ ಅರ್ಥ್ ಬಾರ್‌ಗೆ (ಅರ್ಥ್ ವೈರ್‌ಗಳೆಲ್ಲ ಸೇರುವ ಲೋಹದ ಪಟ್ಟಿ) ಹೋಗಿತ್ತು. ಬಾರ್‌ನಿಂದ ಒಂದು ವೈರ್ ಛಾಸಿಯ ಬೋಲ್ಟಿಗೆ. ಎಸ್‌ಪಿಡಿ ಹಾಕುವಾಗ ಕೇಬಲ್ಲಿನ ಅರ್ಥನ್ನು ಬಾರ್‌ನಿಂದ ಬಿಚ್ಚಿ ಎಸ್‌ಪಿಡಿಗೆ ಕೊಟ್ಟೆ. ಅಲ್ಲಿಂದ ಹೊಸ ವೈರ್ ತೆಗೆದು ಛಾಸಿಯ ಇನ್ನೊಂದು ತೂತಿಗೆ ಬೋಲ್ಟ್ ಮಾಡಿದೆ. ಎರಡೂ ಛಾಸಿಯಲ್ಲಿ ಒಂದಾಗುತ್ತವೆ ಅಂದುಕೊಂಡೆ.

ಹಳೇ ವೈರ್‌ಮನ್:

ತಪ್ಪು ಅಲ್ಲೇ ಇದೆ. ಆ ಹೊಸ ಬೋಲ್ಟ್ ಬಿಚ್ಚಿ ಲಗ್ಗಿನ (ವೈರ್ ತುದಿಯ ಲೋಹದ ಬಳೆ) ಕೆಳಗೆ ನೋಡಿ. ಬಣ್ಣ ಹಾಗೇ ಇರುತ್ತದೆ. ಪೌಡರ್ ಕೋಟಿಂಗ್ ಆಗಿದ್ದರಂತೂ ಅದು ಪ್ಲಾಸ್ಟಿಕ್ ಪದರ ಇದ್ದಂತೆ, ಕರೆಂಟ್ ದಾಟುವುದಿಲ್ಲ. ಬೋಲ್ಟ್ ಎಷ್ಟೇ ಬಿಗಿ ಇದ್ದರೂ ಲೋಹಕ್ಕೆ ಲೋಹ ತಾಗಿಲ್ಲ.

ಅಂದರೆ ಮನೆಯ ಅರ್ಥ್ ಎಸ್‌ಪಿಡಿವರೆಗೆ ಬಂದು ನಿಂತುಬಿಟ್ಟಿದೆ. ಅದಕ್ಕೇ ನಿಮ್ಮ ಅಳತೆ ಅಷ್ಟು ಚೆನ್ನಾಗಿ ಬಂತು. ಛಾಸಿ, ಬಾಡಿ, ಫ್ರಿಜ್, ಚಾರ್ಜರಿನ ಅರ್ಥ್ ಎಲ್ಲವೂ ಒಂದಕ್ಕೊಂದು ಸೇರಿಕೊಂಡು ಟೈರಿನ ಮೇಲೆ ತೇಲುತ್ತಿವೆ. ಜ್ಯಾಕ್ ಕೆಳಗೆ ಮರದ ತುಂಡು ಇಟ್ಟಿರುತ್ತೀರಿ, ಅಲ್ಲಿಯೂ ನೆಲ ಸಿಗುವುದಿಲ್ಲ.

ಜುಮ್ ಬಂದಿದ್ದು ಚಾರ್ಜರಿನಿಂದ. ಅದರ ಫಿಲ್ಟರ್‌ನಲ್ಲಿ ಫೇಸಿನಿಂದ ಅರ್ಥಿಗೆ ಒಂದು, ನ್ಯೂಟ್ರಲ್ಲಿನಿಂದ ಅರ್ಥಿಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥ್ ಸರಿ ಇದ್ದರೆ ಆ ಚೂರು ಕರೆಂಟ್ ಸುಮ್ನೆ ಅರ್ಥಿಗೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಬಾಡಿ 230ರ ಅರ್ಧಕ್ಕೆ, ಅಂದರೆ ನೂರು ಚಿಲ್ಲರೆ ವೋಲ್ಟಿಗೆ ಏರಿ ಕೂರುತ್ತದೆ. ಕರೆಂಟ್ ತುಂಬ ಕಡಿಮೆ, ಆದ್ದರಿಂದ 30 ಮಿಲಿಆಂಪ್ ಆರ್‌ಸಿಸಿಬಿ ಬೀಳಲಿಲ್ಲ. ನನಗೆ ಭಯ ಇರುವುದು ಮುಂದಿನದರ ಬಗ್ಗೆ. ನಾಳೆ ಫ್ರಿಜ್ಜಿನ ಫೇಸ್ ವೈರ್ ಉಜ್ಜಿ ತಗಡಿಗೆ ತಾಗಿದರೆ ಬಾಡಿ ಪೂರ್ತಿ 230 ಆಗುತ್ತದೆ. ಯಾರಾದರೂ ಮುಟ್ಟುವವರೆಗೆ ಆರ್‌ಸಿಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಈಗ ಸರಿ ಮಾಡುವುದು. ಕೇಬಲ್ಲಿನ ಅರ್ಥ್ ಮೊದಲಿನ ಹಾಗೆ ನೇರ ಅರ್ಥ್ ಬಾರ್‌ಗೆ ಬರಬೇಕು. ಬಾರ್‌ನಿಂದ ಬೇರೆ ಬೇರೆ ವೈರ್: ಒಂದು ಎಸ್‌ಪಿಡಿಗೆ, ಒಂದು ಛಾಸಿಗೆ. ಎಸ್‌ಪಿಡಿಯ ಮೂಲಕ ಟ್ರೇಲರಿಗೆ ಅರ್ಥ್ ದಾಟಿಸಬೇಡಿ, ನಾಳೆ ಅದನ್ನು ಬದಲಿಸಲು ಬಿಚ್ಚಿದಾಗ ಇಡೀ ಗಾಡಿಯ ಅರ್ಥ್ ಹೋಗುತ್ತದೆ. ಛಾಸಿಯ ಜಾಗವನ್ನು ಮರಳು ಕಾಗದದಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ. 6 ಸ್ಕ್ವೇರ್ ಎಂಎಂ ಹಸಿರು-ಹಳದಿ ವೈರ್, ಕ್ರಿಂಪ್ ಮಾಡಿದ ಲಗ್, ಸ್ಟಾರ್ ವಾಷರ್, ಆಮೇಲೆ ನಟ್ಟು. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪ್ರೈಮರ್ ಬಳಿಯಿರಿ, ತುಕ್ಕು ಹಿಡಿಯಬಾರದು.

ಎಸ್‌ಪಿಡಿಯ ವೈರ್ ಎಷ್ಟು ಉದ್ದ ಇದೆ?

ಕೆಂಗೇರಿ ಟ್ರೇಲರ್:

ಬಣ್ಣ ಹಾಗೇ ಇತ್ತು ಸರ್. ಲಗ್ಗಿನ ಕೆಳಗೆ ಗೀರು ಕೂಡ ಬಿದ್ದಿರಲಿಲ್ಲ. ವೈರ್ ಫೇಸ್ ಕಡೆ 40 ಸೆಂಟಿಮೀಟರ್, ಅರ್ಥ್ ಕಡೆ 70 ಇರಬಹುದು. ಮುಂದೆ ಬೇಕಾಗುತ್ತದೆ ಅಂತ ಸುರುಳಿ ಸುತ್ತಿ ಟ್ಯಾಗ್‌ನಿಂದ ಕಟ್ಟಿದ್ದೇನೆ.

ಹಳೇ ವೈರ್‌ಮನ್:

ಆ ಸುರುಳಿ ತೆಗೆಯಿರಿ. ಎರಡೂ ಕಡೆ ಸೇರಿ 50 ಸೆಂಟಿಮೀಟರ್ ದಾಟಬಾರದು. ಸರ್ಜ್ ಅನ್ನೋದು ಮೈಕ್ರೋಸೆಕೆಂಡಿನಲ್ಲಿ ಬಂದು ಹೋಗುವ ಏಟು. ಅಷ್ಟು ವೇಗದಲ್ಲಿ ನೇರ ವೈರ್ ಕೂಡ ಅಡ್ಡಿ ಮಾಡುತ್ತದೆ. ಮೀಟರ್ ಉದ್ದಕ್ಕೆ ಸುಮಾರು ಒಂದು ಸಾವಿರ ವೋಲ್ಟ್ ಅಂತ ಲೆಕ್ಕ ಹಾಕುತ್ತಾರೆ. ಎಸ್‌ಪಿಡಿ ಒಂದೂವರೆ ಸಾವಿರಕ್ಕೆ ತಡೆದರೂ, ನಿಮ್ಮ 110 ಸೆಂಟಿಮೀಟರ್ ವೈರ್ ಅದರ ಮೇಲೆ ಇನ್ನೊಂದು ಸಾವಿರ ಸೇರಿಸಿ ಚಾರ್ಜರಿಗೆ ಕೊಡುತ್ತದೆ. ಸುರುಳಿ ಸುತ್ತಿದರೆ ಇನ್ನೂ ಜಾಸ್ತಿ.

ಯಲಹಂಕ ವ್ಯಾನ್:

ನನ್ನದೂ ಒಂದು ಪ್ರಶ್ನೆ. ನಮ್ಮ ಏರಿಯಾದಲ್ಲಿ ನ್ಯೂಟ್ರಲ್ ಕಟ್ ಆಗಿ ಅರ್ಧ ಬೀದಿಯ ಟಿವಿಗಳು ಹೋದವು. ಎಸ್‌ಪಿಡಿ ಹಾಕಿದರೆ ಅದಕ್ಕೂ ಆಗುತ್ತದಾ? ಅಮೆರಿಕದ ವಿಡಿಯೋಗಳಲ್ಲಿ ಒಂದೇ ಡಬ್ಬಿಯಲ್ಲಿ ಎಲ್ಲ ಇರುತ್ತದೆ.

ಹಳೇ ವೈರ್‌ಮನ್:

ಆಗುವುದಿಲ್ಲ. ನ್ಯೂಟ್ರಲ್ ಹೋದರೆ ನಿಮ್ಮ ಸಾಕೆಟ್ಟಿಗೆ 300, 350, ಕೆಲವೊಮ್ಮೆ 400ರ ಹತ್ತಿರ ಬಂದು ನಿಮಿಷಗಟ್ಟಲೆ ನಿಲ್ಲುತ್ತದೆ. 275 ವೋಲ್ಟಿನ ಎಸ್‌ಪಿಡಿ ಅದನ್ನು ತಡೆಯಲು ಹೋಗಿ ತಾನೇ ಕಾದು ಸುಟ್ಟು ಕೆಂಪಾಗುತ್ತದೆ. ಅದಕ್ಕೆ ಬೇಕಾದದ್ದು ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಇದೂ ಡಿಬಿಯೊಳಗಿನ ಡಿನ್ ರೈಲಿನ (ಸ್ವಿಚ್‌ಗಳನ್ನು ಸಿಕ್ಕಿಸುವ ಲೋಹದ ಪಟ್ಟಿ) ಮೇಲೆ ಕೂರುತ್ತದೆ. ನಾನು ಕೆಳಗೆ 180, ಮೇಲೆ 265 ಇಟ್ಟು, ಕರೆಂಟ್ ವಾಪಸ್ ಬಂದ ಮೇಲೆ ಮೂರು ನಿಮಿಷ ತಡ ಕೊಡುತ್ತೇನೆ. ಫ್ರಿಜ್ಜಿನ ಕಂಪ್ರೆಸರಿಗೆ ಆ ತಡ ಬೇಕು.

ಅಮೆರಿಕದ ಡಬ್ಬಿಯೊಳಗೆ ಇವೆರಡೂ ಸೇರಿರುತ್ತವೆ. ಆದರೆ ಅಲ್ಲಿನ 30 ಆಂಪ್ ಟ್ರೇಲರ್‌ಗಳು 120 ವೋಲ್ಟಿನವು. ಆ ಡಬ್ಬಿ ತರಿಸಿ ನಮ್ಮ 230ಕ್ಕೆ ಹಾಕಬೇಡಿ.

ಜೋಡಿಸುವ ಸಾಲು ಹೀಗೆ: ಒಳಬರುವ ಕೇಬಲ್, ಡಬಲ್ ಪೋಲ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವ ಸ್ವಿಚ್), ಅದರ ಪಕ್ಕಕ್ಕೆ ಎಸ್‌ಪಿಡಿ, ಆಮೇಲೆ ವೋಲ್ಟೇಜ್ ಪ್ರೊಟೆಕ್ಟರ್, ಆರ್‌ಸಿಸಿಬಿ, ಕೊನೆಗೆ ಚಿಕ್ಕ ಎಂಸಿಬಿಗಳು. ಡಬಲ್ ಪೋಲ್ ಯಾಕೆ ಅಂದರೆ ಹೋದ ಕಡೆಯೆಲ್ಲ ಸಾಕೆಟ್ಟಿನ ಫೇಸ್-ನ್ಯೂಟ್ರಲ್ ಸರಿಯಾಗಿ ಇರುವುದಿಲ್ಲ. ಎಸ್‌ಪಿಡಿ ಆರ್‌ಸಿಸಿಬಿಗಿಂತ ಮುಂಚೆ ಬರುವುದರಿಂದ, ನ್ಯೂಟ್ರಲ್-ಅರ್ಥ್ ನಡುವೆ ಗ್ಯಾಸ್ ಟ್ಯೂಬ್ (ಸರ್ಜ್ ಬಂದಾಗ ಮಾತ್ರ ಕರೆಂಟ್ ಬಿಡುವ ತುಂಡು) ಇರುವ 1+1 ಮಾದರಿಯೇ ಇರಲಿ. ಫೇಸ್-ನ್ಯೂಟ್ರಲ್ ಅದಲುಬದಲಾದರೆ ಆ ಟ್ಯೂಬಿನ ಮೇಲೆ ಫೇಸ್ ಬಂದು ಕೂರುತ್ತದೆ. ಆದ್ದರಿಂದ ಹೊಸ ಜಾಗದಲ್ಲಿ ಮೊದಲು ಸಾಕೆಟ್ ಟೆಸ್ಟರ್ ಚುಚ್ಚಿ ನೋಡಿ, ಆಮೇಲೆ ಟ್ರೇಲರ್ ಪ್ಲಗ್. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತುಬಿಡಿ. ಹತ್ತಿರದಲ್ಲೇ ಬಿದ್ದ ಸಿಡಿಲಿಗೆ ಈ ಪುಟ್ಟ ಡಬ್ಬಿ ಸಾಲುವುದಿಲ್ಲ.

ಕೆಂಗೇರಿ ಟ್ರೇಲರ್:

ಭಾನುವಾರ ಬೆಳಗ್ಗೆ ಪೂರ್ತಿ ಇದೇ ಕೆಲಸ. ಛಾಸಿ ಉಜ್ಜಿದೆ, ಲಗ್ ಹೊಸದು, ಸ್ಟಾರ್ ವಾಷರ್ ಹಾಕಿದೆ. ಎಸ್‌ಪಿಡಿಯನ್ನು ಅರ್ಥ್ ಬಾರ್ ಪಕ್ಕಕ್ಕೇ ಸರಿಸಿದ್ದರಿಂದ ಎರಡೂ ಕಡೆಯ ವೈರ್ ಸೇರಿ 32 ಸೆಂಟಿಮೀಟರ್. ಪ್ಲಗ್ ಪಿನ್ನಿನಿಂದ ಬಾಗಿಲ ಹಿಡಿಗೆ 0.3 ಓಂ. ಫ್ರಿಜ್ ಬಾಡಿಗೆ 0.3, ಹಿಂದಿನ ಏಣಿಗೆ 0.4. ಪ್ಲಗ್ ಹಾಕಿ ನ್ಯೂಟ್ರಲ್ಲಿನಿಂದ ಛಾಸಿಗೆ ಅಳೆದರೆ 1.5 ವೋಲ್ಟ್. ಬೆರಳಿನ ಹಿಂಭಾಗ ಸವರಿದೆ, ಏನೂ ಇಲ್ಲ. ಮಗಳನ್ನು ಹತ್ತಿರ ಬಿಡುವ ಮೊದಲು ಇನ್ನೊಂದು ಸಲ ಅಳೆದೆ. ವೋಲ್ಟೇಜ್ ಪ್ರೊಟೆಕ್ಟರ್ ಈ ವಾರ ತರುತ್ತೇನೆ. ತುಂಬಾ ಉಪಕಾರ ಆಯಿತು ಸರ್.

ಕಿಟಕಿ ಕೆಂಪಾದರೆ ಪೂರ್ತಿ ಎಸ್‌ಪಿಡಿ ಬದಲಿಸಬೇಕಾ?

ಹಳೇ ವೈರ್‌ಮನ್:

ನಿಮ್ಮದು ಕಾರ್ಟ್ರಿಜ್ ಎಳೆದರೆ ಬರುವ ಮಾದರಿ ಆಗಿದ್ದರೆ ಅದೊಂದನ್ನೇ ಬದಲಿಸಿದರೆ ಸಾಕು, ತಳ ಹಾಗೇ ಇರಲಿ. ಅದೇ ಕಂಪನಿಯ ಅದೇ ವೋಲ್ಟೇಜಿನದು ತನ್ನಿ. ಎಳೆಯುವ ಮೊದಲು ಪ್ಲಗ್ ಹೊರಗೆ. ಟ್ರೇಲರ್ ಕಲ್ಲುರಸ್ತೆಯಲ್ಲಿ ಕುಲುಕುತ್ತದೆ, ಹಾಗಾಗಿ ದೂರ ಹೋಗಿಬಂದ ಮೇಲೆ ಟರ್ಮಿನಲ್ ಸ್ಕ್ರೂಗಳನ್ನೂ ಆ ಛಾಸಿ ನಟ್ಟನ್ನೂ ಒಮ್ಮೆ ಬಿಗಿ ಮಾಡಿ, ಪಿನ್ನಿನಿಂದ ಬಾಗಿಲ ಹಿಡಿಗೆ ಮತ್ತೆ ಓಂ ಅಳೆಯಿರಿ.